ಪತ್ರಾಸಿನ ಮನೆಯಲ್ಲಿ ಚಳಿಗಾಲ: ಎರಡು ಸಾವಿರ ರೂಪಾಯಿಯೊಳಗೆ ಮನೆ ಬೆಚ್ಚಗಿಡುವುದು ಹೇಗೆ?

ಸಾಧನಕೇರಿಯ ಬಾಡಿಗೆದಾರೆ
ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಸಾಧನಕೇರಿಯ ಹತ್ತಿರ, ಒಂದು ಮನೆಯ ಮಹಡಿಯ ಮೇಲೆ ಕಟ್ಟಿರುವ ಎರಡು ಕೋಣೆಗಳ ಪತ್ರಾಸಿನ (ಶೀಟು ಹೊದಿಸಿದ ಮಾಡಿನ) ಮನೆಯಲ್ಲಿ ಜೂನ್ ತಿಂಗಳಿನಿಂದ ಬಾಡಿಗೆಗೆ ಇದ್ದೇವೆ. ಮಳೆಗಾಲ ಹೇಗೋ ಕಳೆಯಿತು. ದೀಪಾವಳಿ ಮುಗಿದು ಮೂಡಗಾಳಿ ಬೀಸತೊಡಗಿದ ಮೇಲೆ ರಾತ್ರಿ ಕಳೆಯುವುದೇ ಕಷ್ಟವಾಗಿದೆ. ಮಧ್ಯಾಹ್ನ ಫ್ಯಾನ್ ಹಾಕಿಕೊಳ್ಳುವಷ್ಟು ಸೆಕೆ, ನಸುಕಿನಲ್ಲಿ ಹಲ್ಲು ಕಟಕಟಿಸುವ ಚಳಿ. ನೆರೆಯವರಿಂದ ತಂದ ಉಷ್ಣಮಾಪಕದಲ್ಲಿ ನಿನ್ನೆ ಬೆಳಗಿನ ಐದು ಗಂಟೆಗೆ ಮನೆಯ ಒಳಗೇ 14 ಡಿಗ್ರಿ ಇತ್ತು. ಎಪ್ಪತ್ತು ದಾಟಿದ ಅತ್ತೆಯವರಿಗೆ ಮೊಣಕಾಲು ನೋವು ಮತ್ತು ದಮ್ಮು ಇವೆ, ಮಗನಿಗೆ ನಾಲ್ಕು ವರ್ಷ. ಮಾಲೀಕರು ಗೋಡೆಗೆ ಮೊಳೆ ಹೊಡೆಯಲು ಒಪ್ಪುವುದಿಲ್ಲ. ನಾವು ಖರ್ಚು ಮಾಡಲು ಸಾಧ್ಯವಿರುವುದು ಹೆಚ್ಚೆಂದರೆ ಎರಡು ಸಾವಿರ ರೂಪಾಯಿ. ರೂಮ್ ಹೀಟರ್ ಕೊಳ್ಳಬೇಕೇ ಅಥವಾ ಬೇರೆ ದಾರಿ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿಯ ವಾಯರಮನ್
ಅಕ್ಕಾ, ಹೀಟರ್ ಕೊಳ್ಳುವ ಮೊದಲು ಲೆಕ್ಕ ಹಾಕಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹೀಟರ್‌ಗಳು ಸಾಮಾನ್ಯವಾಗಿ 2000 ವ್ಯಾಟ್‌ನವು, ಅಂದರೆ ಒಂದು ತಾಸಿಗೆ 2 ಯೂನಿಟ್. ರಾತ್ರಿ ಐದು ತಾಸು ಉರಿಸಿದರೆ ತಿಂಗಳಿಗೆ 300 ಯೂನಿಟ್ ಅದೊಂದಕ್ಕೇ ಹೋಗುತ್ತದೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಾದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಜೊತೆಗೆ ಮಹಡಿಯ ಮೇಲಿನ ಬಾಡಿಗೆ ಕೋಣೆಗಳಿಗೆ ಎಷ್ಟೋ ಕಡೆ ತೆಳುವಾದ ವಾಯರ್ ಎಳೆದಿರುತ್ತಾರೆ. ಅದರ ಮೇಲೆ ಹೀಟರ್ ಹಾಕಿ ಪ್ಲಗ್ಗು ಕರಗಿಹೋದದ್ದನ್ನು ನಾನೇ ಹಲವು ಮನೆಗಳಲ್ಲಿ ರಿಪೇರಿ ಮಾಡಿದ್ದೇನೆ.

ನವನಗರದ ಓದುಗ
ಎಣ್ಣೆ ತುಂಬಿದ ಹೀಟರ್‌ಗೆ ಕರೆಂಟು ಕಡಿಮೆ ಬೀಳುತ್ತದೆ ಎಂದು ಕೇಳಿದ್ದೇನೆ. ಅದನ್ನು ಏಕೆ ನೋಡಬಾರದು?

ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ
ಇದು ಬಹಳ ಜನರಲ್ಲಿರುವ ತಪ್ಪು ತಿಳಿವಳಿಕೆ. ಕಾಯಿಲ್ ಇರುವ ಯಾವುದೇ ಹೀಟರ್ ಒಂದು ಯೂನಿಟ್‌ಗೆ ಕೊಡುವ ಶಾಖ ಒಂದೇ. ಎಣ್ಣೆ ತುಂಬಿದ್ದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಅಷ್ಟೇ ವ್ಯತ್ಯಾಸ. ಪತ್ರಾಸಿನ ಮನೆಯಲ್ಲಿ ನಿಜವಾದ ತೊಂದರೆ ಶಾಖದ ಕೊರತೆಯಲ್ಲ, ಅದು ಸೋರಿಹೋಗುವುದು. ಮಧ್ಯಾಹ್ನ ಅವರ ಮನೆಗೆ ಬೇಡವೆನಿಸುವಷ್ಟು ಶಾಖ ಬಂದಿರುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದಾಗ ತಗಡು ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ನಸುಕಿನಲ್ಲಿ ಪತ್ರಾಸಿನ ಒಳಮೈಗೆ ಹನಿ ಕೂಡುವುದು ಇದೇ ಕಾರಣಕ್ಕೆ. ತೂತು ಬಿದ್ದ ಕೊಡಕ್ಕೆ ನೀರು ಸುರಿಯುವ ಮೊದಲು ತೂತನ್ನು ಮುಚ್ಚಬೇಕಲ್ಲವೇ?

ಸಾಧನಕೇರಿಯ ಬಾಡಿಗೆದಾರೆ
ಹನಿ ಕೂಡುವುದು ನಿಜ, ಸರ್. ಒಂದೊಂದು ದಿನ ಹಾಸಿಗೆಯ ಮೇಲೆಯೇ ತೊಟ್ಟಿಕ್ಕುತ್ತದೆ. ಮೇಲಿನಿಂದ ಪತ್ರಾಸು ಸೋರುತ್ತಿದೆ ಎಂದು ನಾವು ಭಾವಿಸಿದ್ದೆವು.

ಗದಗಿನ ಗೌಂಡಿ
ಇಪ್ಪತ್ತೆರಡು ವರ್ಷಗಳಿಂದ ಮನೆ ಕಟ್ಟುತ್ತಿರುವ ಅನುಭವದಿಂದ ಹೇಳುತ್ತೇನೆ. ಪತ್ರಾಸಿನ ಕೆಳಗೆ ಮೇಲ್ಕಟ್ಟು ಕಟ್ಟಿರಿ. ಮದುವೆಯ ಹಂದರದಲ್ಲಿ ಕಟ್ಟುವ ಹಾಗೆಯೇ, ದಪ್ಪ ಚಾದರಗಳನ್ನೋ ಜೋಡಿಸಿ ಹೊಲಿದ ಹಳೆಯ ನೂಲಿನ ಸೀರೆಗಳನ್ನೋ ಪತ್ರಾಸಿಗಿಂತ ಒಂದು ಗೇಣು ಕೆಳಗೆ ಬಿಗಿಯಾಗಿ ಕಟ್ಟಬೇಕು. ಪತ್ರಾಸಿಗೆ ಆಧಾರವಾಗಿ ಕಬ್ಬಿಣದ ಪೈಪುಗಳು ಇದ್ದೇ ಇರುತ್ತವೆ, ಅವುಗಳಿಗೆ ಹಗ್ಗ ಸುತ್ತಿದರೆ ಗೋಡೆಗೆ ಮೊಳೆಯ ಅಗತ್ಯವೇ ಬೀಳುವುದಿಲ್ಲ. ಅಂಚುಗಳಲ್ಲಿ ಸಂದು ಬಿಡಬೇಡಿ. ಬಟ್ಟೆಗೂ ತಗಡಿಗೂ ನಡುವೆ ಅಲುಗಾಡದೆ ನಿಲ್ಲುವ ಗಾಳಿಯೇ ಚಳಿಯನ್ನು ತಡೆಯುವುದು. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟರೆ ಕಟ್ಟಿದ್ದು ವ್ಯರ್ಥ.

ಎರಡು ಎಚ್ಚರಿಕೆಗಳಿವೆ. ಒಲೆಯ ಮೇಲೆ ಮತ್ತು ಬಲ್ಬಿನ ಸಮೀಪ ಬಟ್ಟೆ ಬರಕೂಡದು. ನಿಮ್ಮದು ತಗಡಾಗಿರದೆ ಹಳೆಯ ಸಿಮೆಂಟಿನ ಪತ್ರಾಸಾಗಿದ್ದರೆ ಅದಕ್ಕೆ ತೂತು ಕೊರೆಯಲು, ಉಜ್ಜಲು ಹೋಗಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು.

ಲಕ್ಷ್ಮೇಶ್ವರದ ಮಾಸ್ತರ
ಬಟ್ಟೆಗಿಂತ ಥರ್ಮಾಕೋಲ್ ಹಾಳೆ ಒಳ್ಳೆಯದಲ್ಲವೇ? ಹಗುರ, ಅಗ್ಗ, ಶಾಖವನ್ನೂ ಚೆನ್ನಾಗಿ ತಡೆಯುತ್ತದೆ.

ಗದಗಿನ ಗೌಂಡಿ
ಶಾಖ ತಡೆಯುತ್ತದೆ ಎಂಬುದನ್ನು ಒಪ್ಪುತ್ತೇನೆ, ಮಾಸ್ತರೇ. ಆದರೆ ಬೆಂಕಿ ಹತ್ತಿದರೆ ಕರಗಿ ಉರಿಯುತ್ತಾ ಮೈಮೇಲೆ ಸುರಿಯುತ್ತದೆ, ಅದರ ಹೊಗೆಯೂ ವಿಷ. ಅಡುಗೆಯೂ ನಿದ್ದೆಯೂ ಅಕ್ಕಪಕ್ಕದಲ್ಲೇ ನಡೆಯುವ ಎರಡು ಕೋಣೆಯ ಮನೆಗೆ, ಅದೂ ಚಿಕ್ಕ ಮಗು ಇರುವಲ್ಲಿ, ಅದನ್ನು ಹಾಕಿಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ನವಲಗುಂದದ ರೈತ
ನಮ್ಮ ಕಡೆಯ ಮಣ್ಣಿನ ಮೇಲ್ಮುದ್ದೆಯ ಮನೆಗಳಲ್ಲಿ ಈ ತಾಪತ್ರಯವೇ ಇರಲಿಲ್ಲ. ತೊಲೆ, ಜಂತೆಗಳ ಮೇಲೆ ಒಂದಡಿಯಷ್ಟು ಮಣ್ಣು, ಕೆಳಗೆ ಎರಡಡಿ ದಪ್ಪದ ಗೋಡೆ. ಹಗಲೆಲ್ಲ ಬಿಸಿಲು ಕುಡಿದ ಮಣ್ಣು ರಾತ್ರಿಯಿಡೀ ಅದನ್ನು ಒಳಗೆ ಬಿಡುತ್ತಿತ್ತು. ಮುಂಬಾಗಿಲು ದಾಟಿದ ಕೂಡಲೇ ಎತ್ತು, ಎಮ್ಮೆಗಳನ್ನು ಕಟ್ಟುವ ಜಾಗ, ಅದನ್ನು ದಾಟಿ ಮೇಲೆ ಹತ್ತಿದರೆ ಪಡಸಾಲೆ. ನಾಲ್ಕು ದನಗಳ ಮೈಬಿಸಿಯೇ ಮನೆಗೆ ಸಾಕಾಗುತ್ತಿತ್ತು. ಚಳಿ ಹೆಚ್ಚಾದ ರಾತ್ರಿ ಅಜ್ಜಿ ಬೆಳಕಿಂಡಿಯ ಮೇಲೆ ಗಡಿಗೆ ಕವುಚಿ ಬರಲು ನನ್ನನ್ನು ಮಾಳಿಗೆ ಹತ್ತಿಸುತ್ತಿದ್ದಳು. ಈಗ ಅದೇ ಜಾಗದಲ್ಲಿ ಸ್ಲ್ಯಾಬಿನ ಮನೆ ಕಟ್ಟಿದ್ದೇವೆ, ಫರಸಿಯ ಮೇಲೆ ಕಾಲಿಟ್ಟರೆ ಝುಮ್ಮೆನ್ನುತ್ತದೆ.

ಹಳೇ ಹುಬ್ಬಳ್ಳಿಯ ಯುವಕ
ಅಣ್ಣಾ, ನೀವು ಹೇಳುವುದು ಕೇಳಲು ಚೆನ್ನಾಗಿದೆ, ಆದರೆ ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಎಮ್ಮೆ ಕಟ್ಟಲು ಆಗುವುದಿಲ್ಲವಲ್ಲ. ಅವರಿಗೆ ಈ ವಾರವೇ ಪರಿಹಾರ ಬೇಕಾಗಿದೆ.

ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ
ಎಮ್ಮೆ ಬೇಡ, ಮನುಷ್ಯರೇ ಸಾಕು. ಮಲಗಿರುವ ವಯಸ್ಕನ ಮೈಯಿಂದ ಸುಮಾರು 70ರಿಂದ 80 ವ್ಯಾಟ್ ಶಾಖ ಹೊರಬರುತ್ತಿರುತ್ತದೆ. ಅವರ ಮನೆಯ ನಾಲ್ಕೂ ಜನ ಚಿಕ್ಕ ಕೋಣೆಯಲ್ಲಿ ಒಟ್ಟಿಗೆ ಮಲಗಿದರೆ ರಾತ್ರಿಯಿಡೀ ಬಿಲ್ಲಿಲ್ಲದೆ ನಡೆಯುವ ಒಂದು ಸಣ್ಣ ಹೀಟರ್ ಇದ್ದಂತೆಯೇ. ಆ ಒಂದು ಕೋಣೆಗೆ ಮಾತ್ರ ಮೇಲ್ಕಟ್ಟು ಕಟ್ಟಿದರೆ ಖರ್ಚೂ ಅರ್ಧಕ್ಕೆ ಇಳಿಯುತ್ತದೆ. ರೈತರು ಹೇಳಿದ ಮಣ್ಣಿನ ಗೋಡೆಯ ಕೆಲಸವನ್ನು ನೀರಿನಿಂದಲೂ ಮಾಡಿಸಬಹುದು. 20 ಲೀಟರಿನ ಕಪ್ಪು ಕ್ಯಾನಿನಲ್ಲಿ ನೀರು ತುಂಬಿ ಹಗಲೆಲ್ಲ ಮಹಡಿಯ ಬಿಸಿಲಿನಲ್ಲಿಟ್ಟು ಸಂಜೆ ಒಳಗೆ ತನ್ನಿ. ನೀರು 40 ಡಿಗ್ರಿಗೆ ಕಾಯ್ದಿದ್ದು, ರಾತ್ರಿ 20ಕ್ಕೆ ಇಳಿಯುವ ಹೊತ್ತಿಗೆ ಸುಮಾರು ಅರ್ಧ ಯೂನಿಟ್‌ನಷ್ಟು ಶಾಖವನ್ನು ಕೋಣೆಗೆ ಕೊಟ್ಟಿರುತ್ತದೆ.

ನಿಮ್ಮ ಮನೆಗೆ ದಕ್ಷಿಣದ ಕಿಟಕಿ ಇದೆಯೇ?

ಸಾಧನಕೇರಿಯ ಬಾಡಿಗೆದಾರೆ
ಇದೆ, ಸರ್. ಆದರೆ ಅದಕ್ಕೆ ಅಡ್ಡವಾಗಿ ಅಲಮಾರು ಇಟ್ಟಿದ್ದೇವೆ. ದಕ್ಷಿಣದ ಕಿಟಕಿ ತೆರೆದಿಡುವುದು ಒಳ್ಳೆಯದಲ್ಲ ಎಂದು ಅತ್ತೆಯವರ ಅಭಿಪ್ರಾಯ.

ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ
ಅತ್ತೆಯವರಿಗೆ ಗೌರವಪೂರ್ವಕವಾಗಿಯೇ ಒಂದು ಮಾತು ತಿಳಿಸಿ. ಇದು ದಕ್ಷಿಣಾಯನ, ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ನಮ್ಮ ಧಾರವಾಡದಲ್ಲಿ ನಡುಮಧ್ಯಾಹ್ನವೂ ಅವನು ಮೇಲೇರುವುದು ಸುಮಾರು 51 ಡಿಗ್ರಿ ಮಾತ್ರ. ಕಿಟಕಿಯ ಮೇಲಂಚು ನೆಲದಿಂದ ಏಳಡಿ ಎತ್ತರದಲ್ಲಿದ್ದು ಹೊರಗೆ ಛಜ್ಜಾ ಇಲ್ಲದಿದ್ದರೆ ಬಿಸಿಲು ಐದೂವರೆ ಅಡಿ ಒಳಗೆ ಬಂದು ಬೀಳುತ್ತದೆ. ಬೇಸಿಗೆ ಏರಿದಂತೆ ಅದೇ ಕಿಟಕಿಯಿಂದ ಬರುವ ಮಧ್ಯಾಹ್ನದ ಬಿಸಿಲು ಕಡಿಮೆಯಾಗುತ್ತ ಹೋಗಿ, ಮೇ ತಿಂಗಳಲ್ಲಿ ಬರುವುದೇ ಇಲ್ಲ. ಚಳಿಗಾಲಕ್ಕೆಂದೇ ಮಾಡಿಟ್ಟಂತಿರುವ ಕಿಟಕಿಯನ್ನು ನೀವು ಅಲಮಾರಿನಿಂದ ಮುಚ್ಚಿದ್ದೀರಿ.

ಕಲಘಟಗಿಯ ಗೃಹಿಣಿ
ಬಿಸಿಲನ್ನು ಒಳಗೆ ತಂದುಕೊಂಡರೆ ಸಾಲದು, ಕಿಟಕಿ ಮುಚ್ಚುವ ಹೊತ್ತನ್ನೂ ಹೇಳಬೇಕು. ನಮ್ಮ ಅವ್ವ ದೀಪ ಹಚ್ಚುವ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದರು. ನಾನೂ ಬಹಳ ವರ್ಷ ಅದೇ ಹೊತ್ತಿಗೆ ಮುಚ್ಚುತ್ತಿದ್ದೆ. ಆದರೆ ಕಾಡಿನ ಅಂಚಿನಲ್ಲಿರುವ ನಮ್ಮ ಊರಿನಲ್ಲಿ ಅಷ್ಟು ಹೊತ್ತಿಗೆ ತಂಪು ಒಳಗೆ ಸೇರಿಬಿಟ್ಟಿರುತ್ತದೆ. ಎರಡು ವರ್ಷಗಳಿಂದ ಬೆಳಿಗ್ಗೆ ಹತ್ತೂವರೆ, ಹನ್ನೊಂದಕ್ಕೆ ಕಿಟಕಿಗಳನ್ನು ಪೂರ್ತಿ ತೆರೆದು, ಸಂಜೆ ನಾಲ್ಕೂವರೆಗೆ, ಇನ್ನೂ ಬಿಸಿಲಿರುವಾಗಲೇ, ಎಲ್ಲವನ್ನೂ ಮುಚ್ಚಿ ಪರದೆ ಎಳೆಯುತ್ತಿದ್ದೇನೆ. ಒಂದು ಪೈಸೆ ಖರ್ಚಿಲ್ಲ, ವ್ಯತ್ಯಾಸ ಮೊದಲ ರಾತ್ರಿಯೇ ತಿಳಿಯಿತು. ನಮ್ಮ ಭಾಗದಲ್ಲಿ ಚಳಿಯ ವಿರುದ್ಧದ ಕೆಲಸವೆಲ್ಲ ಹಗಲಿನಲ್ಲೇ ಮುಗಿಯಬೇಕು. ರಾತ್ರಿ ಹತ್ತಕ್ಕೆ ಎದ್ದು ಮಾಡುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ಮಾಳಮಡ್ಡಿಯ ಹಳಬ
ಈ ಕೊನೆಯ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ. ನಮ್ಮದು ಮಂಗಳೂರು ಹೆಂಚಿನ ಹಳೆಯ ಮನೆ. ಹೆಂಚುಗಳ ಸಂದಿನಲ್ಲಿ ಗಾಳಿ ಆಡುತ್ತಲೇ ಇರುತ್ತದೆ, ಆದರೂ ಕೆಳಗೆ ಕಟ್ಟಿಗೆಯ ಅಟ್ಟವಿರುವ ಕೋಣೆಗಳು ಬೆಚ್ಚಗಿರುತ್ತವೆ, ಅಟ್ಟವಿಲ್ಲದ ನಡುಮನೆ ತಣ್ಣಗಿರುತ್ತದೆ. ಗೌಂಡಿಯವರು ಹೇಳಿದ ಮೇಲ್ಕಟ್ಟು ಎಂದರೆ ಬಟ್ಟೆಯ ಅಟ್ಟವೇ. ಇನ್ನೊಂದು ಉಪಾಯವಿದೆ. ಸಂಜೆ ಒಂದು ಊದಿನಕಡ್ಡಿ ಹಚ್ಚಿ ಬಾಗಿಲು, ಕಿಟಕಿಗಳ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿಯುತ್ತ ಹೋಗಿ. ಎಲ್ಲಿ ಹೊಗೆ ಅಡ್ಡಡ್ಡ ಓಡುತ್ತದೆಯೋ ಅಲ್ಲಿ ಗಾಳಿ ನುಸುಳುತ್ತಿದೆ ಎಂದರ್ಥ. ಈಗಿನ ಮನೆಗಳಿಗೆ ಹೊಸ್ತಿಲೇ ಇಲ್ಲದಿರುವುದರಿಂದ ಬಾಗಿಲಿನ ಕೆಳಗೆ ಅರ್ಧ ಅಂಗುಲ ಸಂದು ಇದ್ದೇ ಇರುತ್ತದೆ. ಹಳೆಯ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಅದರಲ್ಲಿ ಮರಳು ತುಂಬಿ ಎರಡೂ ತುದಿ ಹೊಲಿದು ಅಲ್ಲಿ ಅಡ್ಡ ಇಡಿ.

ಬ್ಯಾಡಗಿಯವ
ಇಷ್ಟೆಲ್ಲ ಏಕೆ? ಒಂದು ಶೆಗಡಿಯಲ್ಲಿ ಇದ್ದಲಿ ಕೆಂಡ ಹಾಕಿ ಮಂಚದ ಬದಿಗೆ ಇಟ್ಟರೆ ಮುಗಿಯಿತು. ನಮ್ಮ ಮನೆಯಲ್ಲಿ ಬಾಣಂತಿಯರಿಗೆಲ್ಲ ಹಾಗೆಯೇ ಮಾಡುತ್ತ ಬಂದಿದ್ದೇವೆ, ಯಾರಿಗೂ ಏನೂ ಆಗಿಲ್ಲ.

ಹಾವೇರಿಯ ನಿವೃತ್ತ ದಾದಿ
ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ನಾನು ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ. ಮುಚ್ಚಿದ ಕೋಣೆಯಲ್ಲಿ ಇದ್ದಲಿ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂಡಬೇಕಾದ ಜಾಗವನ್ನು ಅದು ಆಕ್ರಮಿಸುತ್ತದೆ, ಮಲಗಿದವರಿಗೆ ಎಚ್ಚರವಾಗುವುದೇ ಇಲ್ಲ. ಕೆಂಡದಲ್ಲಿ ಹೊಗೆ ನಿಂತಿದೆ ಎಂದ ಮಾತ್ರಕ್ಕೆ ಅಪಾಯ ಹೋಯಿತೆಂದು ತಿಳಿಯಬೇಡಿ. ನನ್ನ ಸ್ವಂತ ತಂಗಿಯ ಮನೆಯವರು ಹೊಲದ ಶೆಡ್ಡಿನಲ್ಲಿ ಕೆಂಡದ ಬುಟ್ಟಿ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದ್ದರು. ನಸುಕಿನಲ್ಲಿ ಹಾಲು ಹಿಂಡಲು ಬಂದ ಆಳು ಬಾಗಿಲು ಒಡೆದದ್ದರಿಂದ ಜೀವ ಉಳಿಯಿತು. ಇಬ್ಬರಿಗೂ ಹಲವು ವಾರ ತಲೆ ಸುತ್ತುತ್ತಿತ್ತು. ಅಂದಿನಿಂದ ನಾನು ಹೋದಲ್ಲೆಲ್ಲ ಇದನ್ನು ಹೇಳುತ್ತೇನೆ.

ಹಿಂದಿನ ಬಾಣಂತಿ ಕೋಣೆಗಳಲ್ಲಿ ಬೆಳಕಿಂಡಿ ಇತ್ತು, ಹೆಂಚಿನ ಸಂದು ಇತ್ತು, ಆದ್ದರಿಂದ ಎಷ್ಟೋ ಜನ ಉಳಿದರು. ಈಗ ನಾವು ಇಲ್ಲಿ ಸಂದುಗಳನ್ನೆಲ್ಲ ಮುಚ್ಚಲು ಹೇಳುತ್ತಿದ್ದೇವೆ, ಅಂಥ ಕೋಣೆಯಲ್ಲಿ ಶೆಗಡಿ ಇಟ್ಟರೆ ಸಾವನ್ನು ಕರೆದಂತೆ. ಕೂಸಿಗೆ ಬೆಚ್ಚಗಾಗಬೇಕೆಂದರೆ ತಾಯಿಯ ಬರಿಯ ಎದೆಗೆ ಒರಗಿಸಿ ಮೇಲೆ ಹೊದಿಸಬೇಕು, ತಲೆಗೆ ಕುಲಾವಿ ಹಾಕಬೇಕು. ಕಡಿಮೆ ತೂಕದ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಮಾಡಿಸುವ ಕಾಂಗರೂ ಆರೈಕೆಯೂ ಇದೇ. ಇನ್ನು ದಮ್ಮು ಇರುವ ಅತ್ತೆಯವರ ಸಮೀಪ ಕೆಂಡ, ಲೋಬಾನ, ಸೊಳ್ಳೆಬತ್ತಿ ಯಾವುದರ ಹೊಗೆಯೂ ಸುಳಿಯಬಾರದು.

ಬ್ಯಾಡಗಿಯವ
ಅನಿಲದ ವಿಷಯ ನನಗೆ ತಿಳಿದಿರಲಿಲ್ಲ, ಅಕ್ಕಾವ್ರೇ. ಈ ತಿಂಗಳು ತಂಗಿ ಹೆರಿಗೆಗೆ ಬರುವವಳಿದ್ದಾಳೆ. ಮನೆಯಲ್ಲಿ ಮಾತನಾಡುತ್ತೇನೆ.

ಮಾಳಮಡ್ಡಿಯ ಹಳಬ
ಹಾಗಿದ್ದರೆ ನನ್ನ ಊದಿನಕಡ್ಡಿಯ ಪರೀಕ್ಷೆಯನ್ನೂ ಅತ್ತೆಯವರು ಹೊರಗೆ ಬಿಸಿಲಿನಲ್ಲಿ ಕುಳಿತಿರುವಾಗ ಮಾಡಿಕೊಳ್ಳಿ.

ಹುಬ್ಬಳ್ಳಿಯ ವಾಯರಮನ್
ಗ್ಯಾಸ್ ಒಲೆಯನ್ನು ಚಳಿ ಕಾಯಿಸಲು ಉರಿಸುವುದೂ ಅಷ್ಟೇ ತಪ್ಪು. ಅಡುಗೆಮನೆಯ ಜಾಲಿಗಳನ್ನು ಮಾತ್ರ ಎಂದಿಗೂ ಮುಚ್ಚಬೇಡಿ.

ರಾಣೆಬೆನ್ನೂರಿನ ಕುರಿಗಾರರ ಮಗ
ಮನೆಯ ಮಾತು ಬಹಳವಾಯಿತು, ಹೊದಿಕೆಯ ಮಾತು ಯಾರೂ ಆಡಲಿಲ್ಲ. ನಮ್ಮ ಮೆಡ್ಲೇರಿ ಕಡೆಯ ಕರಿ ಕಂಬಳಿಯನ್ನು ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ಬಾಳುತ್ತದೆ. ಉಣ್ಣೆ ತನ್ನ ತೂಕದ ಮೂರನೆಯ ಒಂದರಷ್ಟು ತೇವ ಹೀರಿದರೂ ಮೈಗೆ ಹಸಿ ಅನ್ನಿಸುವುದಿಲ್ಲ. ಅದಕ್ಕಾಗಿಯೇ ನಮ್ಮ ಹಿರಿಯರು ಮಂಜು ಬೀಳುವ ಬಯಲಿನಲ್ಲಿ, ಕುರಿಹಟ್ಟಿಯ ಪಕ್ಕದಲ್ಲಿ, ಕಂಬಳಿ ಹೊದ್ದು ರಾತ್ರಿ ಕಳೆದರು. ಹೊಸ ಕಂಬಳಿ ಬಿರುಸಾಗಿರುವುದು ಹುಣಸೆಬೀಜದ ಗಂಜಿ ಹಚ್ಚಿರುವುದರಿಂದ. ಬಳಸುತ್ತ ಹೋದಂತೆ ಮೆತ್ತಗಾಗುತ್ತದೆ.

ನವನಗರದ ಓದುಗ
ಅಣ್ಣಾವ್ರೇ, ಕೈಮಗ್ಗದ ಕಂಬಳಿ ಒಂದೇ ಅವರ ಹಣದ ಬಹುಪಾಲನ್ನು ನುಂಗೀತು. ಸಂತೆಯಲ್ಲಿ ಸಿಗುವ ಮೆತ್ತನೆಯ ಫ್ಲೀಸ್ ಹೊದಿಕೆ ಅದರ ಕಾಲುಭಾಗ ಬೆಲೆಗೆ ಬರುತ್ತದೆ, ತೂಕವೂ ಇಲ್ಲ, ಒಗೆದರೆ ಅರ್ಧ ದಿನದಲ್ಲಿ ಒಣಗುತ್ತದೆ. ದಮ್ಮು ಇರುವವರಿಗೆ ಒಗೆಯಲು ಬರುವ ಹೊದಿಕೆಯೇ ಲೇಸು. ಬೆಂಕಿಯ ಹತ್ತಿರ ಒಯ್ಯಬಾರದು ಎಂಬುದನ್ನು ಬಿಟ್ಟರೆ ಬೇರೆ ದೋಷವಿಲ್ಲ.

ಬೆಟಗೇರಿಯ ನೇಕಾರಗಿತ್ತಿ
ಇಬ್ಬರೂ ಮನೆಯಲ್ಲೇ ಇರುವ ವಸ್ತುವನ್ನು ಮರೆತಿರಿ. ಕೌದಿ! ನಾಲ್ಕೈದು ಹಳೆಯ ನೂಲಿನ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಡುವೆ ಹರಿದ ಅರಿವೆ ತುಂಬಿ, ಬೆರಳಗಲಕ್ಕೆ ಒಂದು ಸಾಲಿನಂತೆ ಹೊಲಿದ ಕೌದಿಯಲ್ಲಿ ಪದರಪದರಕ್ಕೂ ಗಾಳಿ ನಿಂತಿರುತ್ತದೆ. ನಮ್ಮತ್ತೆ ಹೊಲಿದ ಕೌದಿಯ ಮೇಲೆ ನನ್ನ ಮಕ್ಕಳೂ ಮಲಗಿ ಬೆಳೆದರು. ಹೊಲಿಯಲು ಬಾರದಿದ್ದರೆ ಓಣಿಯಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳನ್ನು ಕೇಳಿ. ಸೀರೆ ನಿಮ್ಮವೇ ಆದರೆ ಕೂಲಿ ಮಾತ್ರ ಕೊಟ್ಟರಾಯಿತು, ಅವರಿಗೂ ಒಂದು ದುಡಿಮೆ. ಆದರೆ ಹರಳು, ಜರಿ ಇರುವ ಸಿಂಥೆಟಿಕ್ ಸೀರೆ ಹಾಕಿಸಬೇಡಿ, ಅದು ಬೆವರು ಹೀರುವುದಿಲ್ಲ.

ಹೊದೆಯುವ ಕ್ರಮವೂ ಮುಖ್ಯ. ಮೈಗೆ ತಾಗುವಂತೆ ಕೌದಿ, ಅದರ ಮೇಲೆ ಕಂಬಳಿ ಇರಬೇಕು. ಹಾಗೆ ಮಾಡಿದರೆ ಚುಚ್ಚುವುದೂ ಇಲ್ಲ, ಬಿಸಿಯೂ ನಿಲ್ಲುತ್ತದೆ.

ಹಳೇ ಹುಬ್ಬಳ್ಳಿಯ ಪಿಂಜಾರ
ಮೇಲೆ ಎಷ್ಟು ಹೊದ್ದರೂ ಕೆಳಗಿನಿಂದ ಚಳಿ ಏರುತ್ತದೆ ಎಂಬುದನ್ನು ಗಮನಿಸಿ. ಗಾದಿಯ ಹತ್ತಿ ಗಂಟುಗಟ್ಟಿ ಚಪ್ಪಟೆಯಾಗಿದ್ದರೆ ಅದರಲ್ಲಿ ಗಾಳಿಯೇ ಇರುವುದಿಲ್ಲ. ಹೊಸ ಗಾದಿಯ ಅಗತ್ಯವಿಲ್ಲ, ಅದೇ ಹತ್ತಿಯನ್ನು ಹಿಂಜಿಸಿ ತುಂಬಿಸಿದರೆ ಮತ್ತೆ ಉಬ್ಬುತ್ತದೆ. ಅಷ್ಟೂ ಆಗದಿದ್ದರೆ ವಾರಕ್ಕೆ ಎರಡು ಸಲ ಮಧ್ಯಾಹ್ನದ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಬಿಸಿಲು ಇಳಿಯುವ ಮೊದಲೇ ಒಳಗೆ ತನ್ನಿ. ನೆಲದ ಮೇಲೆ ಮಲಗುವವರು ಫರಸಿಯ ಮೇಲೆ ಮೊದಲು ಎರಡು ಗೋಣಿತಟ್ಟು, ಅದರ ಮೇಲೆ ಜಮಖಾನ, ಆಮೇಲೆ ಗಾದಿ ಹಾಸಬೇಕು.

ಹಾವೇರಿಯ ನಿವೃತ್ತ ದಾದಿ
ಅತ್ತೆಯವರ ಮೊಣಕಾಲಿಗೆ ಬಿಸಿನೀರಿನ ರಬ್ಬರ್ ಚೀಲ ಕೊಳ್ಳಿ. ಕುದಿಯುವ ನೀರು ಹಾಕದೆ, ಮುಕ್ಕಾಲು ಭಾಗ ಮಾತ್ರ ತುಂಬಿ, ಗಾಳಿ ಹೊರಹಾಕಿ, ಟವೆಲ್ ಸುತ್ತಿ, ಮಲಗುವ ಅರ್ಧ ತಾಸು ಮೊದಲು ಹಾಸಿಗೆಯಲ್ಲಿಡಿ. ಸಕ್ಕರೆ ಕಾಯಿಲೆ ಇದ್ದರೆ ಪಾದಗಳಿಗೆ ಬಿಸಿ ತಿಳಿಯದೆ ಸುಟ್ಟ ಗಾಯವಾಗುತ್ತದೆ, ಆದ್ದರಿಂದ ಅವರು ಮಲಗುವಾಗ ಚೀಲವನ್ನು ತೆಗೆದುಬಿಡಿ. ಕಾಲಿಗೆ ಸಾಕ್ಸು, ಕಿವಿಗೆ ಅರಿವೆ ಕಟ್ಟುವುದನ್ನು ಮರೆಯಬೇಡಿ. ಚಳಿ ಇರುವ ದೇಶಗಳ ಮನೆಗಳ ಒಳಗೆ 18 ಡಿಗ್ರಿಯಾದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಆ ಅಂಕಿಯನ್ನೇ ನೀವೂ ಗುರಿಯಾಗಿಟ್ಟುಕೊಳ್ಳಿ.

ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ
ಎರಡು ಲೀಟರಿನ ಆ ಚೀಲದ ನೀರನ್ನು ಕಾಯಿಸಲು ಬೇಕಾಗುವುದು ಒಂದು ಯೂನಿಟ್‌ನ ಎಂಟನೆಯ ಒಂದು ಭಾಗದಷ್ಟು ಮಾತ್ರ. ಇಡೀ ಕೋಣೆಯನ್ನು ಕಾಯಿಸುವ ಬದಲು ಹಾಸಿಗೆಯನ್ನಷ್ಟೇ ಕಾಯಿಸುವುದು ಎಷ್ಟು ಅಗ್ಗವೆಂದು ಇದರಿಂದ ತಿಳಿಯುತ್ತದೆ.

ಸಾಧನಕೇರಿಯ ಬಾಡಿಗೆದಾರೆ (ಹನ್ನೆರಡು ದಿನಗಳ ನಂತರ)
ನೀವೆಲ್ಲ ಇಷ್ಟು ಆಸ್ಥೆಯಿಂದ ಬರೆದಿದ್ದೀರಿ, ಆದ್ದರಿಂದ ನಡೆದದ್ದನ್ನು ವಿವರವಾಗಿ ತಿಳಿಸುವುದು ನನ್ನ ಕರ್ತವ್ಯ. ಹೀಟರ್ ಕೊಳ್ಳಲಿಲ್ಲ. ಮೊದಲ ದಿನ ಅಲಮಾರನ್ನು ಪೂರ್ವದ ಗೋಡೆಗೆ ಸರಿಸಿದೆವು. ಅತ್ತೆಯವರು ಎರಡು ದಿನ ಮಾತು ಕಡಿಮೆ ಮಾಡಿದ್ದರು. ಮೂರನೆಯ ದಿನ ತಾವೇ ಆ ಬಿಸಿಲಿಗೆ ಕಾಲು ಚಾಚಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದುದನ್ನು ಕಂಡು ನನಗೆ ಬಹಳ ಸಮಾಧಾನವಾಯಿತು. ಕಿಟಕಿಗಳನ್ನು ನಾಲ್ಕೂವರೆಗೆ ಮುಚ್ಚುತ್ತಿದ್ದೇವೆ. ಒಳಕೋಣೆಗೆ ಮಾತ್ರ ಒಂಬತ್ತು ಹಳೆಯ ಸೀರೆಗಳನ್ನು ಎರಡು ಪದರ ಮಾಡಿ ಹೊಲಿಸಿ ಮೇಲ್ಕಟ್ಟು ಕಟ್ಟಿದೆವು. ಹೊಲಿಗೆ ಕೂಲಿ, ಹಗ್ಗ, ರಬ್ಬರ್ ಚೀಲ, ಗೋಣಿತಟ್ಟು, ಎರಡು ಫ್ಲೀಸ್ ಹೊದಿಕೆ ಎಲ್ಲ ಸೇರಿ 1,640 ರೂಪಾಯಿ ಆಯಿತು. ಕೌದಿ ಹೊಲಿಯಲು ಕೊಟ್ಟಿದ್ದೇವೆ, ಸಂಕ್ರಾಂತಿಯ ಹೊತ್ತಿಗೆ ಬರುತ್ತದೆ.

ಎಲ್ಲವೂ ಕೈಗೂಡಲಿಲ್ಲ. ನೀರಿನ ಕ್ಯಾನುಗಳನ್ನು ದಿನವೂ ಎತ್ತಿ ಇಡುವುದು ನನ್ನ ಬೆನ್ನಿಗೆ ಆಗದೆ ನಾಲ್ಕನೆಯ ದಿನಕ್ಕೆ ಬಿಟ್ಟೆ. ಕಿಟಕಿಯ ಸಂದಿಗೆ ಅಂಟಿಸಿದ ಟೇಪು ಎರಡು ಸಲ ಕಿತ್ತು ಬಂತು. ಆದರೆ ಇಂದು ಬೆಳಗಿನ ಐದು ಗಂಟೆಗೆ ಒಳಕೋಣೆಯಲ್ಲಿ 18 ಡಿಗ್ರಿ, ಮೇಲ್ಕಟ್ಟು ಇಲ್ಲದ ಹೊರಕೋಣೆಯಲ್ಲಿ 15 ಡಿಗ್ರಿ ಇತ್ತು. ಅತ್ತೆಯವರು ರಾತ್ರಿ ಕೆಮ್ಮಿ ಏಳುವುದು ಕಡಿಮೆಯಾಗಿದೆ.

ಗದಗಿನ ಗೌಂಡಿ
ಬಹಳ ಸಂತೋಷವಾಯಿತು, ತಂಗಿ. ಪತ್ರಾಸಿನ ಹನಿ ಈಗ ಮೇಲ್ಕಟ್ಟಿನ ಮೇಲೆ ಬೀಳುತ್ತಿರುತ್ತದೆ, ಕೈ ಹಾಕಿ ನೋಡಿದ್ದೀರಾ?

ಸಾಧನಕೇರಿಯ ಬಾಡಿಗೆದಾರೆ
ನೋಡಿದೆ, ಅಣ್ಣಾ. ಮೂಲೆಯಲ್ಲಿ ಸ್ವಲ್ಪ ತೇವವಿತ್ತು.

ಗದಗಿನ ಗೌಂಡಿ
ಹಾಗಾದರೆ ಒಂದು ಬದಿಯ ಹಗ್ಗಕ್ಕೆ ಜಾರುಗಂಟು ಹಾಕಿಕೊಳ್ಳಿ. ವಾರಕ್ಕೊಮ್ಮೆ ಬಿಚ್ಚಿ ಮಧ್ಯಾಹ್ನದ ಬಿಸಿಲಿಗೆ ಒಣಗಿಸಿ ಮತ್ತೆ ಕಟ್ಟಿ. ಇಲ್ಲದಿದ್ದರೆ ಬಟ್ಟೆಗೆ ಬೂಸಲು ಹಿಡಿದು ಅತ್ತೆಯವರ ದಮ್ಮಿಗೆ ತೊಂದರೆಯಾಗುತ್ತದೆ. ಒದ್ದೆ ಬಟ್ಟೆಗಳನ್ನು ಆ ಕೋಣೆಯಲ್ಲಿ ಒಣಹಾಕಬೇಡಿ, ಮಲಗುವ ಮುನ್ನ ಹೊರಕೋಣೆಯ ಬಾಗಿಲನ್ನು ಎರಡು ಬೆರಳಷ್ಟು ತೆರೆದಿಡಿ.

ಸಾಧನಕೇರಿಯ ಬಾಡಿಗೆದಾರೆ
ಸರಿ, ಅಣ್ಣಾ. ನಾಳೆ ಭಾನುವಾರ, ಯಜಮಾನರು ಮನೆಯಲ್ಲಿರುತ್ತಾರೆ. ಹನ್ನೊಂದು ಗಂಟೆಗೆ ಬಿಚ್ಚಿ, ಮೂರೂವರೆಯೊಳಗೆ ಮತ್ತೆ ಕಟ್ಟಿಬಿಡುತ್ತೇವೆ.